ಕಂಗ್ರಾಟ್ಸ್ ಅಂದಾದ್ಮೇಲೆ: ಪ್ಲಾನ್ ಇಲ್ಲದೆ ಬಂದ ಮೂರನೇ ಮಗು, ಜೊತೆಗೆ ನಿಂತ ಸಭೆ

ಮದುವೆ ಆಗಿರೋ ಹೆಂಗಸು ಬಸುರಿ ಅಂತ ಗೊತ್ತಾದ್ರೆ ಚರ್ಚಲ್ಲಿ ಎಲ್ಲರ ಬಾಯಲ್ಲೂ ಬರೋದು ಒಂದೇ ಮಾತು, ಕಂಗ್ರಾಟ್ಸ್, ದೇವರ ಆಶೀರ್ವಾದ. ಆ ಮಾತು ಸುಳ್ಳಲ್ಲ, ನಮ್ಮ ಮೂರನೇ ಮಗು ಈಗ ಮನೆ ತುಂಬ ಓಡಾಡ್ಕೊಂಡಿದೆ, ಅವಳಿಲ್ಲದ ಮನೆ ನಂಗೆ ಊಹಿಸ್ಕೊಳೋಕೂ ಆಗಲ್ಲ. ಆದ್ರೆ ಸುದ್ದಿ ಗೊತ್ತಾದಾಗ ನಂಗಾಗ್ಲಿ ನಮ್ಮನೆಯವ್ರಿಗಾಗ್ಲಿ ಆಶೀರ್ವಾದ ಅಂತ ಅನ್ನಿಸಲೇ ಇಲ್ಲ, ಹೆದರಿಕೆ ಆಯ್ತು, ಆ ಹೆದರಿಕೆ ಹೇಳ್ಕೊಳೋಕೆ ಸಭೆಯೊಳಗೆ ಜಾಗ ಇದ್ಯಾ ಅಂತಾನೂ ಗೊತ್ತಿರ್ಲಿಲ್ಲ. ಜಾಗ ಇತ್ತು. ಅಲ್ಲಿಗೆ ನಾವು ಹೇಗೆ ಹೋಗಿ ಸೇರಿದ್ವಿ, ಅಲ್ಲಿದ್ದವ್ರು ಏನು ಮಾಡಿದ್ರು, ಯಾವುದು ನಿಜಕ್ಕೂ ಕೈಹಿಡೀತು, ಯಾವುದು ಬರೀ ಮಾತಲ್ಲೇ ಉಳೀತು ಅಂತ ಬರೀತಿದೀನಿ, ಇಂಥದ್ದೊಂದು ಶುರು ಮಾಡ್ಬೇಕು ಅಂತಿರೋ ಸಭೆಗಳಿಗೂ, ಒಳಗೊಳಗೇ ಒದ್ದಾಡ್ತಾ ಭಾನುವಾರ ಬಂದು ನಗ್ತಾ ಕೂತು ಹೋಗೋರಿಗೂ ಇದು ಉಪಯೋಗಕ್ಕೆ ಬರ್ಲಿ ಅಂತ.

ನಂಗಾಗ 38. ದೊಡ್ಡವನು ಹೈಸ್ಕೂಲು, ಎರಡನೆಯವಳು ಪ್ರೈಮರಿ. ಅತ್ತೆಗೆ ಸ್ಟ್ರೋಕ್ ಆಗಿ ಬಲಗಡೆ ಕೈಕಾಲು ಸರಿಯಾಗಿ ಆಡ್ತಿರ್ಲಿಲ್ಲ, ಅವ್ರನ್ನ ಎಬ್ಬಿಸೋದು, ಸ್ನಾನ ಮಾಡಿಸೋದು, ಔಷಧಿ ಕೊಡೋದು ಎಲ್ಲಾ ನಾನೇ. ನಮ್ಮನೆಯವ್ರ ಕೆಲಸ ಹೋಗಿ ಬೇರೆ ಸಿಕ್ಕಿರ್ಲಿಲ್ಲ, ನನ್ನ ಅರ್ಧ ದಿನದ ಕೆಲಸದಲ್ಲೇ ಮನೆ ನಡೀತಿತ್ತು. ಇಂಥ ಟೈಮಲ್ಲಿ ಟೆಸ್ಟ್ ಮಾಡಿದ್ರೆ ಎರಡು ಗೆರೆ. ನಾವು ಎಚ್ಚರಿಕೆ ತಗೊಂಡೇ ಇದ್ವಿ. ಡಾಕ್ಟರ್ ಆಮೇಲೆ ವಿವರಿಸಿದ್ರು, ಕಾಂಡೋಮನ್ನೇ ನಂಬ್ಕೊಂಡಿರೋ 100 ಜೋಡಿಗಳಲ್ಲಿ ಮಾಮೂಲಿ ಬಳಕೆಯಲ್ಲಿ ವರ್ಷದೊಳಗೆ ಸುಮಾರು 13 ಜನಕ್ಕೆ ಗರ್ಭ ನಿಲ್ಲತ್ತಂತೆ. ಪ್ರಪಂಚದಲ್ಲಿ ಆಗೋ ಗರ್ಭಗಳಲ್ಲಿ ಹೆಚ್ಚುಕಡಿಮೆ ಅರ್ಧ ಪ್ಲಾನ್ ಇಲ್ಲದೇ ಆಗೋವು, ವರ್ಷಕ್ಕೆ ಸುಮಾರು 12 ಕೋಟಿ 10 ಲಕ್ಷ ಅಂತ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2022ರ ವರದಿಯಲ್ಲಿ ಹೇಳಿದೆ. ಅದನ್ನ ಕೇಳಿ ನಂಗೆ ಎಷ್ಟೋ ಸಮಾಧಾನ ಆಯ್ತು, ಇದು ನನ್ನೊಬ್ಬಳ ಮನೆಯ ಕಥೆ ಅಲ್ಲ ಅಂತ.

ದುಡ್ಡಿನ ಚಿಂತೆ ಇದ್ದೇ ಇತ್ತು, ಆದ್ರೆ ನನ್ನ ನಿಜವಾದ ಭಯ ಬೇರೆ. ಎರಡನೇ ಹೆರಿಗೆ ಆದ್ಮೇಲೆ ನಾನು ತಿಂಗಳುಗಟ್ಟಲೆ ಸರಿ ಇರ್ಲಿಲ್ಲ. ನಿದ್ದೆ ಇಲ್ಲ, ಮಗು ಅತ್ರೆ ಇನ್ನೊಂದು ರೂಮಿಗೆ ಹೋಗಿ ಬಾಗಿಲು ಹಾಕ್ಕೋಬೇಕು ಅನ್ಸೋದು, ಯಾರ ಮುಖವೂ ಬೇಡ ಅನ್ಸೋದು. ಆವಾಗ ಅದಕ್ಕೆ ಒಂದು ಹೆಸರಿದೆ, ಔಷಧಿ ಇದೆ ಅಂತ ನಮ್ಮಲ್ಲಿ ಯಾರೂ ಹೇಳಿರ್ಲಿಲ್ಲ. ಅದು ಮತ್ತೆ ಬಂದ್ರೆ ಏನ್ ಗತಿ, ಮೂರು ಮಕ್ಕಳು, ಹಾಸಿಗೆ ಹಿಡಿದಿರೋ ಅತ್ತೆ, ಅದರ ಮಧ್ಯೆ ನಾನೇ ಬಿದ್ರೆ ಅನ್ನೋದು ತಲೇಲಿ ಹಗಲೂ ರಾತ್ರಿ.

ಸುದ್ದಿ ಹೇಗೋ ಹರಡಿತು, ಆರಾಧನೆ ಮುಗಿದ್ಮೇಲೆ ಎಲ್ರೂ ಕೈಕುಲುಕಿದ್ರು. ಒಬ್ರು ನಿವೃತ್ತ ನರ್ಸಮ್ಮ ಮಾತ್ರ ಪಕ್ಕಕ್ಕೆ ಕರೆದು, ಬೇರೆ ಏನೂ ಹೇಳದೆ, "ವಾರದಲ್ಲಿ ನಿಂಗೆ ತುಂಬ ಕಷ್ಟದ ದಿನ ಯಾವ್ದಮ್ಮ?" ಅಂದ್ರು. ಯೋಚನೆ ಮಾಡದೇನೇ ಮಂಗಳವಾರ ಅಂದ್ಬಿಟ್ಟೆ. ಮಂಗಳವಾರ ಅತ್ತೆಗೆ ಫಿಸಿಯೋಥೆರಪಿ, ಅದೇ ದಿನ ನಂಗೆ ಪೂರ್ತಿ ದಿನ ಕೆಲಸ, ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋರಿಲ್ಲ. "ಸರಿ, ಇನ್ಮೇಲೆ ಮಂಗಳವಾರ ನಮ್ದು" ಅಂದ್ರು. ನಾನಲ್ಲೇ ಅತ್ತುಬಿಟ್ಟೆ. ಅಷ್ಟು ಜನರ ಆಶೀರ್ವಾದದ ಮಾತಿಗೆ ಬರದ ಕಣ್ಣೀರು ಆ ಒಂದು ಪ್ರಶ್ನೆಗೆ ಬಂತು.

ನಮ್ಮ ಸಭೆಯಲ್ಲಿ ಒಂದು ಚಿಕ್ಕ ತಂಡ ಇದೆ ಅಂತ ಕೇಳಿದ್ದೆ, ಆದ್ರೆ ಅದು ಮದುವೆ ಆಗದೆ ಬಸುರಾದ ಹುಡುಗೀರಿಗೆ ಅಂತ ಅನ್ಕೊಂಡಿದ್ದೆ. ಶುರುವಾಗಿದ್ದೂ ಅವ್ರಿಗೋಸ್ಕರವೇ. ನರ್ಸಮ್ಮ ಅದರಲ್ಲಿದ್ರು, ಒಬ್ರು ಸ್ಕೂಲ್ ಟೀಚರ್ ಅಕ್ಕ ಅದನ್ನೆಲ್ಲ ಹೊಂದಿಸ್ತಿದ್ರು, ಇಬ್ರು ಗಂಡಸರೂ ಇದ್ರು, ಪಕ್ಕದ ಕ್ಯಾಥೊಲಿಕ್ ಚರ್ಚಿನ ಒಂದು ದಂಪತಿ ಕೂಡ. ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳು 2020ರಲ್ಲಿ ವಾಕಿಂಗ್ ವಿತ್ ಮಾಮ್ಸ್ ಇನ್ ನೀಡ್ ಅಂತ ಒಂದು ಕಾರ್ಯಕ್ರಮ ಶುರು ಮಾಡಿದ್ರು, ಅದರಲ್ಲಿ ಪ್ರತಿ ಚರ್ಚೂ ಮೊದಲು ಮಾಡ್ಬೇಕಾದ ಕೆಲಸ ಏನಂದ್ರೆ ತನ್ನ ಸುತ್ತಮುತ್ತ ಬಸುರಿ ಹೆಂಗಸಿಗೆ ಯಾವ ಯಾವ ಸಹಾಯ ಎಲ್ಲೆಲ್ಲಿ ಸಿಗತ್ತೆ ಅಂತ ಹುಡುಕಿ ಪಟ್ಟಿ ಮಾಡೋದು. ಆ ದಂಪತಿ ಈ ಯೋಚನೆ ಹೇಳಿ, ನಮ್ಮ ತಂಡ ಅದನ್ನೇ ತಗೊಂಡಿತ್ತು. ಅಂದ್ರೆ ಹೆರಿಗೆ ಡಾಕ್ಟರ್, ಮಾನಸಿಕ ತಜ್ಞರು, ಕಾನೂನು ಸಲಹೆ ಕೊಡೋರು, ಗಂಡ ಹೊಡೀತಾನೆ ಅಂದ್ರೆ ಉಳ್ಕೊಳೋ ಜಾಗ, ಸರ್ಕಾರದ ಸವಲತ್ತಿಗೆ ಯಾರ ಹತ್ರ ಅರ್ಜಿ ಹಾಕೋದು, ಎಲ್ಲಾ ಮೊದ್ಲೇ ಬರೆದಿಟ್ಟಿತ್ತು. ಕಷ್ಟದಲ್ಲಿರೋಳು ಬಂದು ನಿಂತಾಗ ಹುಡುಕೋಕೆ ಕೂತ್ರೆ ಆಗಲ್ಲ ಅಂತ ಟೀಚರಕ್ಕ ಹೇಳ್ತಿರ್ತಾರೆ.

ಅವ್ರು ಬೈಬಲ್ಲಲ್ಲಿ ಪದೇ ಪದೇ ತೆಗೆಯೋದು ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡೋ ವಿಧವೆಯರು ಬಿಟ್ಟು ಹೋಗ್ತಿದಾರೆ ಅಂತ ದೂರು ಬಂದಾಗ ಅಪೊಸ್ತಲರು ಬರೀ ಪ್ರಾರ್ಥನೆ ಮಾಡೋಣ ಅನ್ನಲಿಲ್ಲ, ಏಳು ಜನರನ್ನ ಆರಿಸಿ ಅಂತ ಸಭೆಗೇ ಹೇಳಿ, ಆರಿಸಿದೋರನ್ನ ಆ ಕೆಲಸಕ್ಕೆ ಇಟ್ರು. ನಂಗಂತೂ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯದ ಮಾತೇ ಹೆಚ್ಚು ತಟ್ಟಿದ್ದು, ಬಟ್ಟೆಯಿಲ್ಲದೆ ಹಸಿದು ನಿಂತಿರೋರಿಗೆ ಸಮಾಧಾನದಿಂದ ಹೋಗಿ ಅಂತ ಬಾಯಲ್ಲಿ ಹೇಳಿ ಕೈಯಲ್ಲಿ ಏನೂ ಕೊಡದಿದ್ರೆ ಏನು ಪ್ರಯೋಜನ ಅಂತ ಕೇಳತ್ತಲ್ಲ, ಅದು.

ಮೊದಲನೇ ಸಲ ಕೂತು ಮಾತಾಡಿದಾಗಲೇ ಟೀಚರಕ್ಕ ಒಂದು ವಿಷಯ ನೇರವಾಗಿ ಹೇಳಿದ್ರು. ನಾವು ವಿಶ್ವಾಸಿಗಳು, ಹೊಟ್ಟೇಲಿರೋ ಜೀವ ದೇವರದ್ದು ಅಂತ ನಂಬೋರು, ಅದನ್ನ ಮುಚ್ಚಿಡಲ್ಲ, ಗರ್ಭಪಾತಕ್ಕೆ ನಾವು ಏರ್ಪಾಡು ಮಾಡ್ಕೊಡಲ್ಲ. ಆದ್ರೆ ನಾವು ಡಾಕ್ಟರಲ್ಲ, ವೈದ್ಯಕೀಯ ಸಲಹೆ ಕೊಡಲ್ಲ, ನಿಂಗೆ ಕಾನೂನಿನಲ್ಲಿ ಏನೇನು ಅವಕಾಶ ಇದೆ ಅಂತ ಡಾಕ್ಟರ್ ಹತ್ರಾನೇ ಕೇಳು, ಹೆದರಿಸಿ ನಿರ್ಧಾರ ಮಾಡಿಸೋದು ನಮ್ಮ ಕೆಲಸ ಅಲ್ಲ, ನೀನು ಏನೇ ನಿರ್ಧಾರ ಮಾಡಿದ್ರೂ ಮಂಗಳವಾರ ನಾವು ಬರ್ತೀವಿ. ಈ ಕೊನೇ ಮಾತು ಹೇಳೋಕೆ ಎಷ್ಟು ಧೈರ್ಯ ಬೇಕು ಅಂತ ಚರ್ಚಲ್ಲಿ ಬೆಳೆದೋರಿಗೆ ಗೊತ್ತು. ಹೌದು, ನಾನು ಇನ್ನೊಂದು ದಾರಿ ಬಗ್ಗೆಯೂ ಯೋಚನೆ ಮಾಡಿದ್ದೆ. ಡಾಕ್ಟರ್ ಹತ್ರ ಕೇಳಿದೆ, ಅವ್ರು ಎಲ್ಲಾ ಸಮಾಧಾನವಾಗಿ ವಿವರಿಸಿದ್ರು, ಮನೆಗೆ ಬಂದು ನಾನೂ ನಮ್ಮನೆಯವ್ರೂ ಮಾತಾಡಿದ್ವಿ, ಅತ್ವಿ, ಪ್ರಾರ್ಥನೆ ಮಾಡಿದ್ವಿ, ಮಗು ಇರ್ಲಿ ಅಂತ ತೀರ್ಮಾನ ಮಾಡಿದ್ವಿ. ಸುತ್ತ ಜನ ಇದಾರೆ ಅನ್ನೋ ಧೈರ್ಯ ಇಲ್ದೇ ಹೋಗಿದ್ರೆ ಆ ತೀರ್ಮಾನ ಮಾಡೋಕೆ ನಂಗೆ ಆಗ್ತಿತ್ತೋ ಇಲ್ವೋ, ಹೇಳಲಾರೆ. ಇಂಥ ಹೊತ್ತಲ್ಲಿ ಪಾಪ, ಶಾಪ ಅಂತ ಹೆಂಗಸಿನ ಮೇಲೆ ಬೀಳೋ ಸಭೆಗಳಿವೆ, ಅಂಥ ಕಡೆ ಯಾರೂ ಬಂದು ಬಾಯಿ ಬಿಡಲ್ಲ, ಒಬ್ಬಳೇ ಹೋಗಿ ಒಬ್ಬಳೇ ಅನುಭವಿಸ್ತಾಳೆ.

ಆಮೇಲೆ ಆಸ್ಪತ್ರೆ. ಪ್ಲಾನ್ ಮಾಡಿದ ಗರ್ಭಕ್ಕೂ ಹೀಗೆ ಬಂದಿದ್ದಕ್ಕೂ ವೈದ್ಯಕೀಯವಾಗಿ ಒಂದು ದೊಡ್ಡ ವ್ಯತ್ಯಾಸ ಇದೆ ಅಂತ ಅಲ್ಲಿ ಗೊತ್ತಾಯ್ತು. ಮಗುವಿನ ಬೆನ್ನುಹುರಿ, ಮೆದುಳು ಆಗೋ ನಾಳ ಗರ್ಭ ಕಟ್ಟಿದ ಸುಮಾರು 28 ದಿನದೊಳಗೇ ಮುಚ್ಕೊಳತ್ತೆ, ಅದು ಸರಿಯಾಗಿ ಮುಚ್ಕೊಳೋಕೆ ಫೋಲಿಕ್ ಆಸಿಡ್ ಬೇಕು, ಪ್ಲಾನ್ ಮಾಡಿದೋರು ಮೊದಲಿಂದ್ಲೇ ದಿನಕ್ಕೆ 400 ಮೈಕ್ರೋಗ್ರಾಂ ತಗೊಂಡಿರ್ತಾರೆ, ನಮ್ಮಂಥೋರಿಗೆ ವಿಷಯ ಗೊತ್ತಾಗೋ ಹೊತ್ತಿಗೇ ಆ ಟೈಮ್ ಕಳೆದಿರತ್ತೆ. ಹಂಗಂತ ಮಾತ್ರೆ ಬಿಡೋ ಹಾಗಿಲ್ಲ, ಅವತ್ತಿಂದ್ಲೇ ಶುರು ಮಾಡಿದ್ರು, ಕಬ್ಬಿಣದ ಮಾತ್ರೆ ಜೊತೆಗೆ. ದಿನಾಂಕ ಸರಿಯಾಗಿ ಗೊತ್ತಿಲ್ಲ ಅಂತ ಬೇಗ ಸ್ಕ್ಯಾನ್ ಮಾಡಿ ಎಷ್ಟು ವಾರ ಅಂತ ಗುರುತು ಹಾಕಿದ್ರು. 35 ದಾಟಿದೋರಿಗೆ ಬಿಪಿ, ಬಸುರಿನ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಜಾಸ್ತಿ, 24ರಿಂದ 28 ವಾರದ ಮಧ್ಯೆ ಸಕ್ಕರೆ ಟೆಸ್ಟ್ ತಪ್ಪಿಸ್ಬೇಡಿ ಅಂದ್ರು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಬಸುರಲ್ಲಿ ಕಡಿಮೆ ಅಂದ್ರೂ 8 ಸಲ ತಪಾಸಣೆ ಆಗ್ಬೇಕು ಅನ್ನತ್ತೆ. ಹಾಸಿಗೆ ಹಿಡಿದೋರನ್ನ ಮನೇಲಿ ಬಿಟ್ಟು ಹೋಗೋಕಾಗದ ಹೆಂಗಸಿಗೆ ಅದು ಎಂಟು ಸಲ ಮನೆ ಬಿಟ್ಟು ಹೋಗೋ ಏರ್ಪಾಡು, ಆ ಏರ್ಪಾಡೇ ಆಗದೆ ಎಷ್ಟೋ ಜನ ತಪಾಸಣೆ ಬಿಡೋದು. ನಂಗೆ ಒಂದೂ ತಪ್ಪಲಿಲ್ಲ, ನಾನು ಹೋಗೋ ದಿನ ಅತ್ತೆ ಹತ್ರ ಯಾರಾದ್ರೂ ಒಬ್ರು ಬಂದು ಕೂತಿರ್ತಿದ್ರು. ನರ್ಸಮ್ಮ ಅಡುಗೆಮನೆ ಗೋಡೆ ಮೇಲೆ ಒಂದು ಚೀಟಿ ಅಂಟಿಸಿದ್ರು, ರಕ್ತ ಹೋದ್ರೆ, ತಡೆಯಲಾಗದ ತಲೆನೋವು ಬಂದ್ರೆ, ಕಣ್ಣು ಮಂಜಾದ್ರೆ, ಮುಖ ಊದಿದ್ರೆ, ಮಗು ಆಡೋದು ಕಡಿಮೆ ಆದ್ರೆ ಪ್ರಾರ್ಥನೆಗೆ ಅಂತ ನಂಗೆ ಫೋನ್ ಮಾಡ್ಕೊಂಡು ಕೂರ್ಬೇಡಿ, ಮೊದ್ಲು ಆಸ್ಪತ್ರೆಗೆ ಹೋಗಿ ಅಂತ.

ಈಗ ದಿನನಿತ್ಯದ ಸಹಾಯದ ವಿಷಯ. ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು. "ಏನಾದ್ರೂ ಬೇಕಿದ್ರೆ ಹೇಳಮ್ಮ" ಅನ್ನೋ ಮಾತಿಂದ ನಂಗೆ ಒಂದು ಸಲವೂ ಉಪಯೋಗ ಆಗ್ಲಿಲ್ಲ, ಯಾಕಂದ್ರೆ ಸುಸ್ತಾಗಿರೋಳಿಗೆ ಏನು ಬೇಕು ಅಂತ ಯೋಚ್ನೆ ಮಾಡಿ, ಯಾರ್ನ ಕೇಳ್ಬೇಕು ಅಂತ ಲೆಕ್ಕ ಹಾಕಿ, ನಾಚಿಕೆ ಬಿಟ್ಟು ಫೋನ್ ಮಾಡೋದೇ ಒಂದು ದೊಡ್ಡ ಕೆಲಸ. ತಂಡದವ್ರು ಅದನ್ನ ತಿರುಗಿಸಿದ್ರು. ಇಂಥ ದಿನ, ಇಷ್ಟು ಹೊತ್ತಿಂದ ಇಷ್ಟು ಹೊತ್ತು, ಇಂಥವ್ರು ಬರ್ತಾರೆ, ಬೇಡ ಅಂದ್ರೆ ಮಾತ್ರ ಹೇಳು. ಒಬ್ಬಾಕೆ ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು, ಇನ್ನೊಬ್ಬಾಕೆ ಅತ್ತೆ ಜೊತೆ ಫಿಸಿಯೋಥೆರಪಿಗೆ, ಒಬ್ಬ ಕಾಲೇಜು ಹುಡುಗ ಮಗನಿಗೆ ಲೆಕ್ಕ ಹೇಳ್ಕೊಡೋದು. ಅಡುಗೆ ತಂದ್ಕೊಡೋರೂ ಇದ್ರು, ಆದ್ರೆ ನಿಜ ಹೇಳ್ಬೇಕಂದ್ರೆ ಅಡುಗೆಗಿಂತ ಬಟ್ಟೆ ಒಗೆದು ಮಡಿಸಿಟ್ಟು ಹೋದೋರೇ ನಂಗೆ ಹೆಚ್ಚು ನೆನಪಿರೋದು. ಊಟ ತಂದೋರು ಕೂತ್ಕೊಂಡು ಮಾತಾಡ್ತಾರೆ, ಅವ್ರನ್ನ ಉಪಚಾರ ಮಾಡೋಕೆ ನಾನೇ ಏಳ್ಬೇಕಾಗತ್ತೆ. ಇದು ಗೊತ್ತಾದ್ಮೇಲೆ ಟೀಚರಕ್ಕ ಒಂದು ನಿಯಮ ಮಾಡಿದ್ರು, ಬಸುರಿ ಮನೆಗೆ ಹೋದೋರು ಕೂರೋ ಹಾಗಿಲ್ಲ, ಕರೆದ್ರೆ ಮಾತ್ರ ಕೂರಿ, ಪ್ರಾರ್ಥನೆ ಚಿಕ್ಕದಾಗಿ ಮಾಡಿ ಹೊರಡಿ.

ಹಳೇ ಮಕ್ಕಳ ಬಟ್ಟೆ ಮೂಟೆ ಮೂಟೆ ಬಂತು. ಕೊಡೋ ಮನಸ್ಸು ದೊಡ್ಡದು, ಆದ್ರೆ ಕಲೆ ಆಗಿರೋದು, ಗುಂಡಿ ಕಿತ್ತೋಗಿರೋದು ಮನೆಗೆ ಬಂದು ಬಿದ್ರೆ ಅದನ್ನ ವಿಂಗಡಿಸೋ ಕೆಲಸವೂ ಬಸುರಿಗೇ. ಆಮೇಲಿಂದ ಒಬ್ರ ಮನೇಲೇ ಎಲ್ಲಾ ಸೇರಿಸಿ, ಒಗೆದು, ಅಳತೆ ಪ್ರಕಾರ ಕಟ್ಟಿ, ಕೇಳಿದೋರಿಗೆ ಕೇಳಿದಷ್ಟೇ ಕೊಡ್ತಾರೆ. ದುಡ್ಡಿನ ವಿಷಯದಲ್ಲಿ ನಂಗೆ ಇಷ್ಟ ಆಗಿದ್ದು ಏನಂದ್ರೆ, ಯಾವತ್ತೂ ವೇದಿಕೆ ಮೇಲೆ ನಮ್ಮ ಹೆಸರು ಬರ್ಲಿಲ್ಲ. ಸ್ಕ್ಯಾನಿಂಗ್, ಮಕ್ಕಳ ಫೀಸು ಇಂಥದ್ದನ್ನ ನೇರವಾಗಿ ಅಲ್ಲಲ್ಲೇ ಕಟ್ಟಿಬಿಡ್ತಿದ್ರು, ತಂಡದಲ್ಲಿ ಇಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿರ್ತಿರ್ಲಿಲ್ಲ, ರಸೀದಿ ಖಜಾಂಚಿ ಹತ್ರ ಹೋಗ್ತಿತ್ತು. ಎರಡನೇ ಶತಮಾನದಲ್ಲೇ ಜಸ್ಟಿನ್ ಮಾರ್ಟರ್ ಅನ್ನೋ ಕ್ರೈಸ್ತ ಲೇಖಕರು ಬರೆದಿಟ್ಟಿದಾರೆ, ಭಾನುವಾರ ಸೇರಿದಾಗ ಅನುಕೂಲ ಇದ್ದೋರು ತಮಗೆ ತೋಚಿದಷ್ಟು ಕೊಡೋರು, ಅದು ಸಭೆಯ ಮುಖ್ಯಸ್ಥನ ಹತ್ರ ಸೇರಿ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯೋರಿಗೆ, ಪರದೇಶಿಗಳಿಗೆ ಹೋಗೋದು ಅಂತ. ಅಷ್ಟು ಹಳೇ ಪದ್ಧತಿ ಇದು, ಹೊಸದಾಗಿ ಏನೂ ಕಂಡುಹಿಡೀಬೇಕಾಗಿಲ್ಲ.

ನಮ್ಮನೆಯವ್ರ ಬಗ್ಗೆ ಹೇಳ್ಲೇಬೇಕು. ಬಸುರಿಯ ಸುತ್ತ ಹತ್ತು ಜನ ಸೇರ್ತಾರೆ, ಗಂಡನ್ನ ಯಾರೂ ಏನೂ ಕೇಳಲ್ಲ. ಅವ್ರು ಕೆಲಸ ಇಲ್ಲ ಅನ್ನೋ ಅವಮಾನದಲ್ಲಿ ಚರ್ಚಿಗೆ ಬರೋದೇ ನಿಲ್ಲಿಸಿದ್ರು, ನನ್ನ ಮೇಲೂ ರೇಗೋರು, ರಾತ್ರಿ ಸುಮ್ನೆ ಕತ್ತಲಲ್ಲಿ ಕೂತಿರೋರು. ತಂಡದಲ್ಲಿದ್ದ ಒಬ್ಬ ಅಣ್ಣ, ಅವ್ರಿಗೂ ಹಿಂದೆ ಕೆಲಸ ಹೋಗಿತ್ತು, ಬಂದು ಉಪದೇಶ ಏನೂ ಮಾಡ್ದೆ ಸಂಜೆ ಹೊತ್ತು ಜೊತೇಲಿ ನಡೆಯೋಕೆ ಕರ್ಕೊಂಡು ಹೋಗ್ತಿದ್ರು. ಕೆಲವು ವಾರ ಬರೀ ನಡಿಗೆ. ಆಮೇಲೆ ಒಂದಿನ ಇವ್ರೇ ಬಾಯಿ ಬಿಟ್ರಂತೆ, ಮೂರನೇ ಮಗುನ ಸಾಕೋ ಯೋಗ್ಯತೆ ನಂಗಿಲ್ಲ ಅಂತ. ಆ ಅಣ್ಣನೇ ಕೂತು ಅರ್ಜಿ ಬರೆಸಿದ್ರು, ಪರಿಚಯದೋರಿಗೆ ಹೇಳಿದ್ರು, ನಂಗೆ ಏಳನೇ ತಿಂಗಳು ನಡೀವಾಗ ಕೆಲಸ ಆಯ್ತು. ಮೊದಲಿನಷ್ಟು ಸಂಬಳ ಇಲ್ಲ, ಆದ್ರೆ ಮನುಷ್ಯ ತಲೆ ಎತ್ತಿ ನಡೆಯೋ ಹಾಗಾದ್ರು. ಹೆರಿಗೆ ಆದ್ಮೇಲಿನ ಖಿನ್ನತೆ ಅಪ್ಪಂದಿರಿಗೂ ಬರತ್ತೆ ಅಂತ ಡಾಕ್ಟರ್ ಹೇಳಿದಾಗ ನಂಗೆ ಆಶ್ಚರ್ಯ ಆಗ್ಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ವಂಶಾವಳಿ ಮುಗಿದ್ಮೇಲೆ ಕಥೆ ಶುರುವಾಗೋದೇ ಹೀಗೆ ಇದ್ದಕ್ಕಿದ್ದ ಹಾಗೆ ಬಂದ ಒಂದು ಬಸುರಿನ ಮುಂದೆ ದಿಕ್ಕು ತೋಚದೆ ನಿಂತ, ಮರಿಯಳನ್ನ ಮದುವೆ ಆಗ್ಬೇಕಿದ್ದ ಯೋಸೇಫನಿಂದ, ದೂತ ಅವನಿಗೆ ಹೇಳಿದ ಮೊದಲ ಮಾತೇ ಹೆದರಬೇಡ ಅಂತ. ಚರ್ಚಲ್ಲಿ ಆ ಭಾಗ ಕ್ರಿಸ್‌ಮಸ್‌ಗೆ ಓದ್ತೀವಿ, ಆದ್ರೆ ಹೆದರಿರೋ ಗಂಡನ ಹತ್ರ ಹೋಗಿ ಯಾರೂ ಕೂರಲ್ಲ.

ಅದೇ ಸಮಯದಲ್ಲಿ ತಂಡ ಇನ್ನೊಬ್ಬ ಹುಡುಗಿಯನ್ನೂ ನೋಡ್ಕೊಳ್ತಿತ್ತು. ಇಪ್ಪತ್ತರ ಹುಡುಗಿ, ಓದ್ತಿದ್ಲು, ಮದುವೆ ಆಗಿರ್ಲಿಲ್ಲ, ಹುಡುಗ ಕೈಬಿಟ್ಟಿದ್ದ. ಅವಳ ಒಪ್ಪಿಗೆ ಕೇಳೇ ಇಷ್ಟು ಬರೀತಿರೋದು. ನಂಗೆ ಕಂಗ್ರಾಟ್ಸ್ ಹೇಳಿದ ಅದೇ ಜನ ಅವಳನ್ನ ಕಂಡ್ರೆ ಬೇರೆ ಕಡೆ ನೋಡೋರು, ಇದು ನಂಗೆ ಈಗ್ಲೂ ನೋವು ಕೊಡೋ ವಿಷಯ. ಒಬ್ರು ಅವಳ ವಿಷಯನ ಪ್ರಾರ್ಥನೆ ವಿನಂತಿ ಅಂತ ವಾಟ್ಸ್ಆ್ಯಪ್ ಗ್ರೂಪಲ್ಲಿ ಹಾಕ್ಬಿಟ್ರು, ಹೆಸರು ಹಾಕಿರ್ಲಿಲ್ಲ, ಆದ್ರೂ ಎಲ್ರಿಗೂ ಗೊತ್ತಾಯ್ತು. ಅವಳ ತಾಯಿ ಆರಾಧನೆಗೆ ಬರೋದೇ ಬಿಟ್ರು. ಆಗ ನಮ್ಮ ಪಾಸ್ಟರ್ ಮಾಡಿದ್ದನ್ನ ನಾನು ಮರೆಯಲ್ಲ, ಹಾಕಿದೋರನ್ನ ಕರ್ಕೊಂಡು ಆ ಮನೆಗೆ ಹೋಗಿ ಎದುರಿಗೆ ಕೂರಿಸಿ ಕ್ಷಮೆ ಕೇಳಿಸಿದ್ರು, ತಾವೂ ಕೇಳಿದ್ರು, ಮುಂದಿನ ಭಾನುವಾರ ಯಾರ ಹೆಸರೂ ಎತ್ತದೆ, ಪ್ರಾರ್ಥನೆ ನೆಪದಲ್ಲಿ ಇನ್ನೊಬ್ಬರ ಗುಟ್ಟು ಹಂಚೋದು ಚಾಡಿಯೇ ಅಂತ ಸ್ಪಷ್ಟವಾಗಿ ಹೇಳಿದ್ರು. ಅವತ್ತಿಂದ ತಂಡದಲ್ಲಿ ಒಂದು ಕಟ್ಟುನಿಟ್ಟು, ಸಂಬಂಧಪಟ್ಟೋಳು ಬಾಯಿಬಿಟ್ಟು ಒಪ್ಪದೆ ಪಾಸ್ಟರಮ್ಮನಿಗೂ ಹೇಳೋ ಹಾಗಿಲ್ಲ.

ಇನ್ನೊಂದು ಸೂಕ್ಷ್ಮ ವಿಷಯ. ಮಕ್ಕಳಿಲ್ಲದ ಒಂದು ದಂಪತಿ, ಒಳ್ಳೇ ಜನ, ಆ ಹುಡುಗಿಯ ಮಗುನ ನಾವೇ ಸಾಕ್ತೀವಿ ಅಂತ ಟೀಚರಕ್ಕನ ಹತ್ರ ಕೇಳಿದ್ರು. ಅಕ್ಕ ಮೃದುವಾಗಿ, ಆದ್ರೆ ಖಡಾಖಂಡಿತವಾಗಿ ಆಗಲ್ಲ ಅಂದ್ರು. ದತ್ತು ಅನ್ನೋದು ಕಾನೂನು ಒಪ್ಪಿದ ದಾರೀಲೇ ಆಗ್ಬೇಕು, ಸಭೆ ಮಧ್ಯೆ ನಿಂತು ಕೈಯಿಂದ ಕೈಗೆ ಮಗು ಕೊಡಿಸೋದು ತಾಯಿಗೂ ಮಗುವಿಗೂ ದತ್ತು ತಗೊಳೋರಿಗೂ ಅಪಾಯ. ದೇಶದೇಶಗಳ ನಡುವಿನ ದತ್ತಿಗೆ ಅಂತ 1993ರಲ್ಲಿ ಆದ ಹೇಗ್ ಒಪ್ಪಂದದಲ್ಲಿ ತಾಯಿಯ ಒಪ್ಪಿಗೆ ಹೆರಿಗೆ ಆದ್ಮೇಲೇ ತಗೊಂಡಿರ್ಬೇಕು, ದುಡ್ಡು ಕೊಟ್ಟು ಒಪ್ಪಿಸಿರ್ಬಾರ್ದು ಅಂತಿದೆ, ಯಾಕೆ ಅಂತ ಆ ಹುಡುಗೀನ ಹತ್ತಿರದಿಂದ ನೋಡಿದ ಮೇಲೆ ನಂಗೆ ಅರ್ಥ ಆಯ್ತು. ಐದನೇ ತಿಂಗಳಲ್ಲಿ ಮಗು ಬೇಡ ಅಂತ ಅತ್ತೋಳು ಎಂಟನೇ ತಿಂಗಳಲ್ಲಿ ಹೆಸರು ಹುಡುಕ್ತಿದ್ಲು. ಸಹಾಯ ಮಾಡ್ತಿದೀವಿ ಅನ್ನೋ ಋಣದಲ್ಲಿ ಅವಳನ್ನ ಯಾರಾದ್ರೂ ಮೊದ್ಲೇ ಮಾತಲ್ಲಿ ಕಟ್ಟಿಹಾಕಿದ್ರೆ ಏನಾಗ್ತಿತ್ತು. ದತ್ತು ಕೊಡೋ ತಾಯಂದಿರೂ ಇದಾರೆ, ಅದೂ ಪ್ರೀತಿಯಿಂದಲೇ ಮಾಡೋ ಕೆಲಸ, ಆದ್ರೆ ನಿರ್ಧಾರ ಅವ್ರದ್ದಾಗಿರ್ಬೇಕು.

ಆ ಹುಡುಗಿ ಮಧ್ಯಾಹ್ನದ ಹೊತ್ತು ನಮ್ಮನೆಗೆ ಬಂದು ಓದ್ಕೊಳ್ಳೋಕೆ ಶುರು ಮಾಡಿದ್ಲು, ಅವಳ ಮನೇಲಿ ಮಾತು ತಾಳೋಕೆ ಆಗ್ತಿರ್ಲಿಲ್ಲ. ಇಬ್ರೂ ಬಸುರಿಯರು, ಒಬ್ಬಳು ತುಂಬ ಬೇಗ, ಇನ್ನೊಬ್ಬಳು ತುಂಬ ತಡ. ಯೇಸುವಿನ ತಾಯಿ ಮರಿಯಳು ಬಸುರಿದ್ದಾಗ ಎದ್ದು ಬೆಟ್ಟದ ಸೀಮೆಗೆ ಹೋಗಿ, ವಯಸ್ಸಾದ್ಮೇಲೆ ಬಸುರಾಗಿದ್ದ ಎಲಿಸಬೇತಳ ಮನೇಲಿ ಸುಮಾರು ಮೂರು ತಿಂಗಳು ಇದ್ದಳು ಅಂತ ಲೂಕ ಬರೀತಾನೆ. ಅಷ್ಟು ದಿನ ಅವರಿಬ್ರೂ ಏನು ಮಾತಾಡಿರ್ಬಹುದು ಅಂತ ನಾನು ಹಿಂದೆ ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ಕಾಲು ಊದಿದ್ದು, ಎದೆ ಉರಿ, ರಾತ್ರಿ ಬರೋ ಭಯ, ಇದನ್ನೇ ಮಾತಾಡಿರ್ತಾರೆ. ಅತ್ತೆಗೆ ಅವಳೇ ಅಚ್ಚುಮೆಚ್ಚು ಆದ್ಲು, ಸರಿಯಾಗಿ ಹೊರಡದ ಮಾತಲ್ಲೇ ಅವಳಿಗೆ ತಮ್ಮ ಹೆರಿಗೆ ಕಥೆ ಹೇಳೋರು.

ನನ್ನ ಹೆರಿಗೆ ಸಲೀಸಾಗಿ ಆಯ್ತು, ಹೆಣ್ಣು ಮಗು. ನಾನು ಕಾಯ್ತಿದ್ದ ಭಯವೂ ಬಂತು. ಮೊದಲ ಎರಡು ವಾರ ಸುಮ್ಸುಮ್ನೆ ಅಳು ಬರೋದು ಮಾಮೂಲಿ, ತುಂಬ ಜನಕ್ಕೆ ಆಗತ್ತೆ, ತಾನೇ ಹೋಗತ್ತೆ. ನಂಗೆ ಹೋಗ್ಲಿಲ್ಲ. ನರ್ಸಮ್ಮ ಇದನ್ನ ಮೊದಲಿಂದ್ಲೇ ಕಾಯ್ತಿದ್ರು, ಎರಡನೇ ಹೆರಿಗೆ ಕಥೆ ಅವ್ರಿಗೆ ಹೇಳಿದ್ದೆ, ಒಂದ್ಸಲ ಬಂದಿದ್ರೆ ಮತ್ತೆ ಬರೋ ಸಾಧ್ಯತೆ ಹೆಚ್ಚು. ಆಸ್ಪತ್ರೇಲಿ, ಹೆರಿಗೆ ಆದ್ಮೇಲಿನ ಖಿನ್ನತೆ ಇದ್ಯಾ ಅಂತ ನೋಡೋ ಎಡಿನ್‌ಬರೋ ಪ್ರಶ್ನಾವಳಿ ಕೊಟ್ರು, 1987ರಿಂದ ಬಳಕೆಯಲ್ಲಿರೋದು, 10 ಪ್ರಶ್ನೆ, ಕಳೆದ ಏಳು ದಿನ ಹೇಗಿದ್ರಿ ಅಂತ. ನಗೋ ವಿಷಯಕ್ಕೆ ನಗು ಬರ್ತಿದ್ಯಾ, ಕಾರಣ ಇಲ್ದೆ ನಿಮ್ಮನ್ನ ನೀವೇ ಬೈಕೊಳ್ತೀರಾ, ಹೀಗೆ. ಕೊನೇದು ನಿಮಗೆ ನೀವೇ ಏನಾದ್ರೂ ಹಾನಿ ಮಾಡ್ಕೊಳೋ ಯೋಚನೆ ಬಂದಿದ್ಯಾ ಅಂತ. ನಾನು ಅದಕ್ಕೆ ಇಲ್ಲ ಅಂತ ಗುರುತು ಹಾಕೋಕೆ ಹೋಗಿ ನಿಲ್ಲಿಸಿ, ಇದ್ದದ್ದನ್ನ ಇದ್ದ ಹಾಗೆ ಹಾಕಿದೆ. ಅದೇ ದಿನ ಮನೋವೈದ್ಯರ ಹತ್ರ ಕಳಿಸಿದ್ರು. ಹಾಲು ಕುಡಿಸ್ತಾನೇ ತಗೊಳ್ಬಹುದಾದ ಮಾತ್ರೆ ಇದೆ ಅಂತ ನೋಡಿ ಬರ್ಕೊಟ್ರು, ಜೊತೆಗೆ ಕೌನ್ಸೆಲಿಂಗ್. ಹೆರಿಗೆ ಆದ ಹೆಂಗಸರಲ್ಲಿ ಸುಮಾರು 100ಕ್ಕೆ 13 ಜನಕ್ಕೆ ಮಾನಸಿಕ ತೊಂದ್ರೆ ಬರತ್ತೆ, ಅದರಲ್ಲಿ ಹೆಚ್ಚಿನದು ಖಿನ್ನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಂದ್ರೆ ತಾಯಂದಿರು ತುಂಬಿರೋ ಯಾವ ಸಭೇಲೂ ಇದನ್ನ ಅನುಭವಿಸಿದೋರು ಇದ್ದೇ ಇರ್ತಾರೆ.

ಒಬ್ಬ ಹಿರಿಯರು ಬಂದು, ವಿಶ್ವಾಸ ಕಡಿಮೆ ಆದಾಗ ಹೀಗಾಗತ್ತಮ್ಮ, ಮಾತ್ರೆ ಬಿಟ್ಟು ಉಪವಾಸ ಪ್ರಾರ್ಥನೆ ಮಾಡು ಅಂದ್ರು. ನಂಗೆ ಉತ್ತರ ಕೊಡೋ ಶಕ್ತಿ ಇರ್ಲಿಲ್ಲ. ಪಕ್ಕದಲ್ಲಿದ್ದ ನರ್ಸಮ್ಮನೇ ಹೇಳಿದ್ರು, ಅಣ್ಣಾ, ನೀವು ಬಿಪಿ ಮಾತ್ರೆ ತಗೊಳ್ತೀರಲ್ಲ, ಅದೂ ವಿಶ್ವಾಸ ಕಡಿಮೆ ಅಂತಾನಾ, ಹಾಲುಣಿಸೋ ತಾಯಿಗೆ ಉಪವಾಸ ಹೇಳ್ಬೇಡಿ ಅಂತ. ಆಮೇಲೆ ರಾತ್ರಿ ಹೊತ್ತು ನನ್ನ ಜೊತೆ ಒಬ್ರು ಇರೋ ಹಾಗೆ ಸರದಿ ಮಾಡಿದ್ರು, ಮಗುನ ಹಾಲಿಗೆ ಮಾತ್ರ ನಂಗೆ ಕೊಟ್ಟು ಮಿಕ್ಕಿದ್ದೆಲ್ಲ ಅವ್ರೇ ನೋಡ್ಕೊಂಡು ನನ್ನ ಮಲಗಿಸೋರು. ನಿದ್ದೆ ಬಂದ್ಮೇಲೆ ಮಾತ್ರೆ ಕೆಲಸ ಮಾಡೋಕೆ ಶುರುವಾಯ್ತು ಅಂತಾನೇ ನಾನು ನಂಬಿರೋದು. ಪ್ರಾರ್ಥನೆ ಇರ್ಲಿಲ್ವಾ, ಇತ್ತು, ನಾನು ಮಾಡೋಕಾಗದೇ ಇದ್ದಾಗ ಅವ್ರು ನನ್ನ ಬದಲು ಮಾಡ್ತಿದ್ರು, ಅದು ನಂಗೆ ಗೊತ್ತಾಗ್ತಿತ್ತು.

ಸಾಮಾನ್ಯವಾಗಿ ಮಗು ನೋಡ್ಕೊಂಡು ಹೋಗೋರ ಸಂಭ್ರಮ ಆರು ವಾರಕ್ಕೆ ಮುಗೀತದೆ, ಆಮೇಲೆ ತಾಯಿ ಒಬ್ಬಳೇ. ನಮ್ಮ ತಂಡ ಮಗುವಿಗೆ ಒಂದು ವರ್ಷ ತುಂಬೋ ತನಕ ಬಿಡಲ್ಲ ಅಂತ ಇಟ್ಕೊಂಡಿದಾರೆ, ಸಹಾಯ ನಿಧಾನಕ್ಕೆ ಕಡಿಮೆ ಆಗತ್ತೆ, ಇದ್ದಕ್ಕಿದ್ದ ಹಾಗೆ ನಿಲ್ಲಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲೇ ಒಬ್ಬರ ಭಾರ ಒಬ್ಬರು ಹೊರಿ ಅಂತಾನೂ ಇದೆ, ಮೂರು ವಚನ ಆದ್ಮೇಲೆ ಪ್ರತಿಯೊಬ್ಬನೂ ತನ್ನ ಹೊರೆ ತಾನು ಹೊರಬೇಕು ಅಂತಾನೂ ಇದೆ. ನಾನು ಚೇತರಿಸ್ಕೊಂಡ ಹಾಗೆ ಮಂಗಳವಾರ ಬಿಟ್ಟು ಮಿಕ್ಕಿದ ದಿನಗಳನ್ನ ನಾನೇ ಒಂದೊಂದಾಗಿ ವಾಪಸ್ ತಗೊಂಡೆ.

ಮುಂದೆ ಮತ್ತೆ ಹೀಗಾಗದ ಹಾಗೆ ಏನು ಮಾಡ್ಬೇಕು ಅನ್ನೋ ಮಾತು ಚರ್ಚಲ್ಲಿ ಎತ್ತೋಕೇ ಸಂಕೋಚ. ಕ್ಯಾಥೊಲಿಕ್ ಸಭೆ 1968ರಲ್ಲಿ ಪೋಪ್ ಬರೆದ ಹ್ಯುಮಾನೆ ವಿಟೆ ಪತ್ರದಲ್ಲಿ ಗರ್ಭ ತಡೆಯೋ ಕೃತಕ ವಿಧಾನಗಳನ್ನ ಸ್ಪಷ್ಟವಾಗಿ ಬೇಡ ಅಂದಿದೆ, ಆಂಗ್ಲಿಕನ್ನರು 1930ರ ಲ್ಯಾಂಬೆತ್ ಸಮ್ಮೇಳನದಲ್ಲೇ ಕೆಲವು ಸಂದರ್ಭಕ್ಕೆ ಒಪ್ಪಿದ್ರು, ಆಮೇಲೆ ಎಷ್ಟೋ ಪ್ರಾಟೆಸ್ಟೆಂಟ್ ಸಭೆಗಳು ಒಪ್ಪಿದ್ವು. ನಮ್ಮ ತಂಡದಲ್ಲಿ ಎರಡೂ ಕಡೆಯೋರು ಇರೋದ್ರಿಂದ ಯಾರೂ ಯಾರಿಗೂ ಪಾಠ ಹೇಳಲ್ಲ, ಡಾಕ್ಟರ್ ಹತ್ರ ಕೇಳಿ ಗಂಡ ಹೆಂಡತಿ ತೀರ್ಮಾನ ಮಾಡ್ಕೊಳಿ ಅಂತಾರೆ. ಆದ್ರೆ ಒಂದು ವಿಷಯ ಮಾತ್ರ ಎಲ್ರಿಗೂ ಹೇಳ್ತಾರೆ, ಮುಟ್ಟು ವಾಪಸ್ ಬರೋ ಮೊದಲೇ ಮತ್ತೆ ಗರ್ಭ ನಿಲ್ಬಹುದು, ಹಾಲು ಕುಡಿಸ್ತಿದ್ರೆ ಆಗಲ್ಲ ಅನ್ನೋ ನಂಬಿಕೆ ಮಗುವಿಗೆ ಆರು ತಿಂಗಳೊಳಗೆ, ಬರೀ ಎದೆಹಾಲೇ ಹಗಲೂ ರಾತ್ರಿ ಕೊಡ್ತಿದ್ದು, ಮುಟ್ಟೂ ಬರದೇ ಇದ್ರೆ ಮಾತ್ರ ಬಹುಮಟ್ಟಿಗೆ ನಿಜ, ಮೂರರಲ್ಲಿ ಒಂದು ತಪ್ಪಿದ್ರೂ ಅದನ್ನ ನಂಬೋ ಹಾಗಿಲ್ಲ. ನಾವಿಬ್ರೂ ಡಾಕ್ಟರ್ ಹತ್ರ ಒಟ್ಟಿಗೇ ಹೋಗಿ ಮಾತಾಡಿ ಬಂದ್ವಿ.

ಈಗ ನಾನೂ ತಂಡದಲ್ಲಿದೀನಿ. ಹೊಸದಾಗಿ ಯಾರಾದ್ರೂ ಬಂದಾಗ ಮೊದಲ ಮಾತುಕತೆಗೆ ನನ್ನೇ ಕಳಿಸ್ತಾರೆ, ಮದುವೆ ಆಗಿರೋ ಹೆಂಗಸರು ಬಂದ್ರಂತೂ ಖಂಡಿತ, ಯಾಕಂದ್ರೆ ಅವ್ರು ಮಗು ಬೇಡ ಅನ್ನಿಸಿದ್ದನ್ನ ಬಾಯಲ್ಲಿ ಹೇಳೋಕೆ ತುಂಬ ಹೊತ್ತು ತಗೊಳ್ತಾರೆ, ನಾನು ಕಾಯ್ತೀನಿ. ಕೇಳೋ ಪ್ರಶ್ನೆಗಳ ಪಟ್ಟೀಲಿ ನಾನು ಸೇರಿಸಿದ್ದು ಎರಡು, ಹಿಂದಿನ ಹೆರಿಗೆ ಆದ್ಮೇಲೆ ಮನಸ್ಸು ಹೇಗಿತ್ತು ಅಂತ ಒಂದು, ಯಜಮಾನ್ರ ಜೊತೆ ಯಾರಾದ್ರೂ ಮಾತಾಡ್ಬಹುದಾ ಅಂತ ಇನ್ನೊಂದು. ಆ ಹುಡುಗಿಗೆ ಗಂಡು ಮಗು ಆಯ್ತು, ಅವಳ ಅಮ್ಮ ಮೊಮ್ಮಗನ್ನ ಎತ್ಕೊಂಡು ಮತ್ತೆ ಆರಾಧನೆಗೆ ಬರ್ತಿದಾರೆ, ಮಗುವಿನ ಸಮರ್ಪಣೆಯ ದಿನ ಪಾಸ್ಟರ್ ನನ್ನ ಮಗಳನ್ನೂ ಅವಳ ಮಗನ್ನೂ ಒಟ್ಟಿಗೇ ಮುಂದೆ ಕರೆದು ಒಂದೇ ಪ್ರಾರ್ಥನೆ ಮಾಡಿದ್ರು, ಒಂದಕ್ಷರವೂ ಬೇರೆ ಇರ್ಲಿಲ್ಲ. ಅವಳಿಗೆ ಮುಂದಿನ ತಿಂಗಳು ಪರೀಕ್ಷೆ, ಮಗು ನೋಡ್ಕೊಳೋ ಸರದೀಲಿ ಇನ್ನೂ ಎರಡು ಮಧ್ಯಾಹ್ನ ಖಾಲಿ ಇದೆ, ಈ ಭಾನುವಾರ ಆರಾಧನೆ ಮುಗಿದ ತಕ್ಷಣ ಅದಕ್ಕೆ ಹೆಸರು ಬರೆಸ್ಕೊಬೇಕು.